ಸಮುದ್ರ ಕಂಡ ಖಡಕ್ ರೊಟ್ಟಿ

ನಮ್ಮ ಮನೆಗೆ ಊಟಕ್ಕೆ ಬಂದವರು ನನ್ನದೊಂದು ಚಟವನ್ನು ನೋಡಿಯೇ ಇರುತ್ತೀರಿ. ತಾಟಿಗೆ ಖಡಕ್ ರೊಟ್ಟಿ ಹಾಕುವ ಮೊದಲು ಅದನ್ನು ಕಿವಿಯ ಹತ್ತಿರ ಹಿಡಿದು ಉಗುರಿನಿಂದ ಒಮ್ಮೆ ಬಡಿಯುತ್ತೇನೆ. ಟಣ್ ಅಂದರೆ ತಾಟಿಗೆ, ಟಪ್ ಅಂದರೆ ವಾಪಸು ಹಂಚಿಗೆ. ಸಂತೆಯಲ್ಲಿ ಗಡಿಗೆ ಕೊಳ್ಳುವವರು ಬಡಿದು ನೋಡುವುದಿಲ್ಲವೇ, ಹಾಗೆ. ಮೊಮ್ಮಕ್ಕಳಿಗೆ ಇದೊಂದು ತಮಾಷೆ. ‘ಅಜ್ಜಿ, ರೊಟ್ಟಿಗೆ ಜ್ವರ ಬಂದೈತೇನು?’ ಎಂದು ಕೇಳಿ ಕಿಸಕ್ಕನೆ ನಗುತ್ತವೆ. ನಗಲಿ ಪಾಪ. ಅವೇನು ರೊಟ್ಟಿಯ ಬುಟ್ಟಿ ಕಟ್ಟಿಕೊಂಡು ಹಾಯಿದೋಣಿಯಲ್ಲಿ ಹೋದ ಮಕ್ಕಳಲ್ಲ. ನಾನು ಹೋದವಳು.

ಕುಕನೂರಿನ ಮುದುಕಿ ಸಮುದ್ರದ ಮಾತು ತೆಗೆದರೆ ನೀವು ಮೂಗಿನ ಮೇಲೆ ಬೆರಳಿಡುತ್ತೀರೆಂದು ಗೊತ್ತು. ನಮ್ಮ ಕಡೆ ನೀರೆಂದರೆ ಭಾವಿಯ ತಳದಲ್ಲಿ ಕೊಡ ಮುಳುಗುವಷ್ಟು, ಮಳೆಗಾಲದಲ್ಲಿ ಹಳ್ಳದಲ್ಲಿ ಮೊಣಕಾಲಮಟ. ನೀರ ಮೇಲೆ ತೇಲುವ ವಸ್ತು ಅಂತ ನಾನು ಅಲ್ಲಿಯವರೆಗೆ ಕಂಡಿದ್ದು, ಈಜು ಕಲಿಯುವವರು ಬೆನ್ನಿಗೆ ಕಟ್ಟಿಕೊಳ್ಳುವ ಸೋರೆಬುರುಡೆ ಒಂದೇ. ಅಂಥವಳು ಮದುವೆಯಾಗಿ ವರ್ಷ ತುಂಬುವುದರೊಳಗೆ ಕುಮಟೆಯಿಂದ ಗಂಗೊಳ್ಳಿಯವರೆಗೆ ಕಡಲ ಮೇಲೆ ಹೋಗಿ ಬಂದೆ. ಅದಕ್ಕೆ ಕಾರಣ ನನ್ನ ನಾದಿನಿ ನೀಲವ್ವನ ಬಯಕೆ.

ನಮ್ಮದು ಕಾಳುಕಡಿ ವ್ಯಾಪಾರದ ಮನೆ, ಊರ ಹೊರಗೆ ಒಂದಿಷ್ಟು ಎರೆ ಹೊಲ. ಮಾವನವರು ಆಗಲೇ ತೀರಿಕೊಂಡಿದ್ದರು. ಮನೆಗೆ ಅತ್ತೆಯವರೇ ಯಜಮಾನರು. ಅವರ ಒಬ್ಬಳೇ ಮಗಳು ನೀಲವ್ವನನ್ನು ಯಲಬುರ್ಗಾದ ಹುಡುಗನಿಗೆ ಕೊಟ್ಟಿತ್ತು. ಹುಡುಗ ಹುಬ್ಬಳ್ಳಿಯ ಸಾಹುಕಾರರೊಬ್ಬರ ತೆಂಗಿನಕಾಯಿ ಖರೀದಿ ನೋಡಿಕೊಳ್ಳಲು ಗಂಗೊಳ್ಳಿ ಬಂದರಿಗೆ ಹೋದ, ಬೆನ್ನಿಗೆ ಇವಳೂ ಹೋದಳು. ಮೊದಲ ಬಸಿರು ನಿಲ್ಲಲಿಲ್ಲ. ಎರಡನೆಯದು ನಿಂತಿತು. ಆದರೆ ಅಲ್ಲಿಯ ಸೂಲಗಿತ್ತಿ, ಘಟ್ಟ ಹತ್ತಿಸಿ ತವರಿಗೆ ಕಳಿಸಿದರೆ ನನ್ನನ್ನು ಕೇಳಬೇಡಿ ಎಂದುಬಿಟ್ಟಳಂತೆ. ದೀಪಾವಳಿಗೆ ಅಳಿಯಂದಿರು ಒಬ್ಬರೇ ಬಂದವರು ಪಡಸಾಲೆಯಲ್ಲಿ ತಲೆ ತಗ್ಗಿಸಿ ಕೂತು ಇದನ್ನೆಲ್ಲ ಹೇಳಿದರು. ಅವಳು ಅನ್ನ ಮುಟ್ಟುವುದಿಲ್ಲ, ಒಂದೇ ಸಮ ಇಳಿಯುತ್ತಿದ್ದಾಳೆ, ಏನು ಬೇಕೆಂದು ಕೇಳಿದರೆ ಅವ್ವನ ಕೈಯ ಖಡಕ್ ರೊಟ್ಟಿ ಅನ್ನುತ್ತಾಳೆ, ಬೇರೆ ಮಾತಿಲ್ಲ.

ಬಸುರಿಯ ಬಯಕೆ ತೀರಿಸದಿದ್ದರೆ ಹುಟ್ಟುವ ಮಗುವಿನ ಕಿವಿ ಸೋರುತ್ತದೆ ಎನ್ನುವುದು ನಿಮಗೂ ಗೊತ್ತಿರುವ ಮಾತೇ. ಅತ್ತೆಯವರಿಗೆ ಕಿವಿಯ ಚಿಂತೆಗಿಂತ ಮಗಳ ಚಿಂತೆ ದೊಡ್ಡದು. ಒಂದು ಕೂಸು ಹೋಗಿದೆ, ಇನ್ನೊಂದು ಹೊಟ್ಟೆಯಲ್ಲಿದೆ, ಮಗಳು ಉಣ್ಣುತ್ತಿಲ್ಲ. ಅಂದೇ ತೀರ್ಮಾನ ಮಾಡಿದರು: ಏಳನೇ ತಿಂಗಳಿಗೆ ಹಸಿರು ಸೀರೆ, ಹಸಿರು ಕುಪ್ಪಸ ತಗೊಂಡು ಹೋಗಿ ಅಲ್ಲಿಯೇ ಉಡಿ ತುಂಬಿ ಕುಬಸ ಮಾಡುವುದು, ರೊಟ್ಟಿ ತಿನ್ನಿಸುವುದು, ಹೆರಿಗೆ ಮುಗಿಯುವತನಕ ತಾವು ಅಲ್ಲಿಯೇ ಇರುವುದು.

ರೊಟ್ಟಿ ಬಡಿಯುವುದು ಶುರುವಾಯಿತು ನೋಡಿ, ಓಣಿಗೆ ಓಣಿಯೇ ನಮ್ಮ ಅಡುಗೆಮನೆಯಲ್ಲಿ. ಎಳ್ಳು ಹಚ್ಚಿದ ಸಜ್ಜೆ ರೊಟ್ಟಿ, ಬಿಳಿಜೋಳದ ರೊಟ್ಟಿ, ಶೇಂಗಾ ಹಿಂಡಿ, ಅಗಸಿ ಹಿಂಡಿ. ನಾನೂ ಸೆರಗು ಸಿಕ್ಕಿಸಿ ಕೂತೆ. ನಾನು ತವರಿನಲ್ಲಿ ಉರ್ದು ಸಾಲೆಗೆ ಹೋಗಿ ನಾಲ್ಕು ಇಯತ್ತೆ ಕಲಿತವಳು. ನಿಜಾಮರ ರಾಜ್ಯದಲ್ಲಿ ಸಾಲೆ ಅಂದರೆ ಉರ್ದುವೇ. ಅಲಿಫ್ ಬೇ ದುಂಡಗೆ ಬರೆಯುತ್ತಿದ್ದೆ, ರೊಟ್ಟಿ ಮಾತ್ರ ದುಂಡಗೆ ಬರುತ್ತಿರಲಿಲ್ಲ. ಅತ್ತೆಯವರು ನನ್ನ ರೊಟ್ಟಿಯೊಂದನ್ನು ಎತ್ತಿ ಹಿಡಿದು, ಇದೇನು ರೊಟ್ಟಿಯೋ ಹರಿದ ಕೌದಿಯೋ ಅಂದರು. ಅವರು ಬಡಿದದ್ದೆಲ್ಲ ಮಗಳ ಬುಟ್ಟಿಗೆ ಹೋಯಿತು. ನಾನು ಬಡಿದದ್ದು ಹಾದಿಯ ಬುತ್ತಿಗೆ, ಅಂದರೆ ನಾವೇ ತಿನ್ನಲಿಕ್ಕೆ.

ಅತ್ತೆಯವರ ಕೈಯ ಬಗ್ಗೆ ಇಲ್ಲಿ ಎರಡು ಮಾತು ಹೇಳಬೇಕು. ರೊಟ್ಟಿ ಬಡಿದು ಬಡಿದು ಹುರಿಗಟ್ಟಿದ ಬೆರಳು ಅವು. ಅವರು ಯಾರ ಕೆನ್ನೆಯನ್ನಾದರೂ ಸವರಿ, ಬೆರಳುಗಳನ್ನು ತಮ್ಮ ಹಣೆಯ ಬದಿಗೆ ಒತ್ತಿ ನೆಟಿಗೆ ಮುರಿದು ದೃಷ್ಟಿ ತೆಗೆದರೆ ಅಂಗಳದವರೆಗೆ ಕೇಳಿಸುತ್ತಿತ್ತು. ಓಣಿಯ ಕೂಸುಗಳಿಗೆಲ್ಲ ಮುರಿಯುತ್ತಿದ್ದರು, ಮನೆಯ ಹೋರಿಕರುವಿಗೂ ಮುರಿಯುತ್ತಿದ್ದರು. ನನಗೆ ಮಾತ್ರ ಇಲ್ಲ. ಮನೆ ತುಂಬಿಸಿಕೊಂಡ ದಿನ ಆರತಿ ಆಯಿತು, ಅಕ್ಕಿ ಸೇರು ಒದ್ದದ್ದಾಯಿತು, ನೆಟಿಗೆ ಇಲ್ಲ. ಕರುವಿಗಿಂತ ಕಡೆಯಾದೆನಲ್ಲ ಎಂದು ಹಿತ್ತಲಿಗೆ ಹೋಗಿ ಒಂದೆರಡು ಸಲ ಅತ್ತಿದ್ದೂ ಉಂಟು. ಹದಿನೇಳರ ವಯಸ್ಸು, ಏನು ಮಾಡುತ್ತೀರಿ.

ಹೊರಟವರು ಅತ್ತೆ, ನಾನು, ನಮ್ಮವರು. ಭಾನಾಪುರದಲ್ಲಿ ರೈಲು ಹತ್ತಿದೆವು. ನಿಜಾಮರ ಗಡಿಯ ನಾಕೆಯಲ್ಲಿ ಕರೋಡಗಿರಿಯ, ಅಂದರೆ ಸುಂಕದ ಇಲಾಖೆಯ, ಜವಾನ ಬುಟ್ಟಿಯ ಅರಿವೆ ಬಿಚ್ಚಿಸಿ, ರೊಟ್ಟಿಯ ನಡುವೆ ಏನಾದರೂ ಮುಚ್ಚಿಟ್ಟಿದ್ದೇವೇನೋ ಎಂದು ಕೈ ಹಾಕಲು ಬಂದ. ಅತ್ತೆಯವರು ಬುಟ್ಟಿಗೆ ಅಡ್ಡ ಕೂತು, ಬಸುರಿ ಮಗಳ ಬುತ್ತಿ ಇದು, ಮುರಿದರೆ ಪಾಪ ನಿನ್ನ ಕುತ್ತಿಗೆಗೆ ಅಂದರು. ಪಾಪ, ಅವನೂ ಮಕ್ಕಳೊಂದಿಗನಿರಬೇಕು, ಬಿಟ್ಟುಬಿಟ್ಟ. ಹುಬ್ಬಳ್ಳಿಯಿಂದ ಇದ್ದಿಲ ಬಸ್ಸು. ಯುದ್ಧದ ಕಾಲ, ಪೆಟ್ರೋಲು ಕಾಣದೆ ಬಸ್ಸುಗಳ ಹಿಂದೆ ಇದ್ದಿಲ ಒಲೆ ಕಟ್ಟಿ ಓಡಿಸುತ್ತಿದ್ದರು. ದೇವಿಮನೆ ಘಟ್ಟ ಇಳಿಯುವ ಮುಂಚಿನ ಏರುಗಳಲ್ಲಿ ಅದು ನಿಂತಾಗಲೆಲ್ಲ ಗಂಡಸರು ಇಳಿದು ನೂಕಿದರು. ಕುಮಟೆಯಿಂದ ಮುಂದೆ ಹೊಳೆಗೊಂದು ಹೊಳೆ, ಸೇತುವೆ ಇಲ್ಲ, ಬಸ್ಸು ಯಾವಾಗ ಬರುತ್ತದೋ ಭರವಸೆಯಿಲ್ಲ. ಅದಕ್ಕೇ ಅಳಿಯಂದಿರು ಗುರುತಿನ ಮಚವೆಯೊಂದಕ್ಕೆ ಹೇಳಿಟ್ಟಿದ್ದರು. ಮಚವೆ ಅಂದರೆ ಸರಕು ಸಾಗಿಸುವ ಹಾಯಿದೋಣಿ. ಅದರ ಯಜಮಾನ ಸುಕ್ರ ತಾಂಡೇಲ, ಬಿಳಿ ಹುಬ್ಬಿನ ಹಿರಿಯ ಮನುಷ್ಯ.

ಕುಮಟೆಯಲ್ಲಿ ಅತ್ತೆಯವರು ಮೊದಲ ಸಲ ಸಮುದ್ರ ನೋಡಿದರು. ನಾನು ಬೆರಗಾಗಿ ನಿಂತಿದ್ದೆ. ಅವರು ಬಗ್ಗಿ ಬೊಗಸೆ ತುಂಬ ತೆಗೆದು ನಾಲಿಗೆಗೆ ಹಚ್ಚಿಕೊಂಡು ಥೂ ಎಂದು ಉಗುಳಿ, ಸೆರಗಿನಿಂದ ಬಾಯಿ ಒರೆಸಿಕೊಂಡರು.

‘ಇಷ್ಟೊಂದು ನೀರಿದ್ದು ಒಂದು ಎತ್ತಿಗೆ ಕುಡಿಸಾಕ ಬರಂಗಿಲ್ಲ. ಯಾಕ ಬೇಕವಾ ಇದು?’



ಮಚವೆ ಹೊರಟಿತು. ನಮ್ಮವರು ಹಾಯಿಕಂಬಕ್ಕೆ ಒರಗಿ, ಸೊಂಟದ ಮೇಲೆ ಕೈಯಿಟ್ಟು, ಗಾಳಿ ಯಾವ ದಿಕ್ಕಿನದೆಂದು ನನಗೆ ವಿವರಿಸತೊಡಗಿದರು. ವಿವರಣೆ ಅರ್ಧಕ್ಕೆ ನಿಂತಿತು. ಮುಖ ಹುಣಸೆಹಣ್ಣಿನ ಬಣ್ಣಕ್ಕೆ ತಿರುಗಿತು. ದೋಣಿಯ ಅಂಚಿಗೆ ಜೋತುಬಿದ್ದವರು ಗಂಗೊಳ್ಳಿಯವರೆಗೆ ಮಾತಾಡಲಿಲ್ಲ. ನಾನು ನಗಬಾರದೆಂದು ಬಾಯಿಗೆ ಸೆರಗಿಟ್ಟುಕೊಂಡೆ. ಗಳಿಗೆ ಕಳೆಯುವುದರೊಳಗೆ ಅದೇ ಸೆರಗು ಬೇರೆ ಕೆಲಸಕ್ಕೆ ಬಂತು. ನಾನೂ ಅವರ ಪಕ್ಕದಲ್ಲೇ ಜೋತುಬಿದ್ದೆ. ಮದುವೆಯಾದ ಮೇಲೆ ನಾವಿಬ್ಬರೂ ಅಷ್ಟು ಹೊತ್ತು ಒಟ್ಟಿಗೆ ಕೂತದ್ದು ಅದೇ ಮೊದಲು. ಅತ್ತೆಯವರಿಗೆ ಮಾತ್ರ ಏನೂ ಆಗಲಿಲ್ಲ. ಮಡಿಲಲ್ಲಿ ಬುಟ್ಟಿ ಇಟ್ಟುಕೊಂಡು ಚಕ್ಕಡಿಯಲ್ಲಿ ಕೂತ ಹಾಗೆ ಕೂತಿದ್ದರು.

ಮಾರನೆಯ ಬೆಳಿಗ್ಗೆ ಅವರು ಬುಟ್ಟಿಯಿಂದ ಒಂದು ರೊಟ್ಟಿ ತೆಗೆದು ಉಗುರಿನಿಂದ ಬಡಿದು ಕಿವಿಗೊಟ್ಟದ್ದನ್ನು ನೋಡಿದೆ. ಮತ್ತೊಂದು ತೆಗೆದರು, ಬಡಿದರು. ಅವರ ಮುಖ ಸಣ್ಣದಾಯಿತು. ನನ್ನ ಕೈಗೆ ಕೊಟ್ಟರು. ರೊಟ್ಟಿ ಬಾಗಿತು.

ನಮ್ಮ ಸೀಮೆಯಲ್ಲಿ ಖಡಕ್ ರೊಟ್ಟಿ ತಿಂಗಳುಗಟ್ಟಲೆ ಇದ್ದರೂ ಖಡಕ್ಕೇ. ಅದು ಮೆತ್ತಗಾಗುತ್ತದೆ ಅನ್ನುವುದು ನಮಗೆ ಗೊತ್ತೇ ಇರಲಿಲ್ಲ. ಗಾಳಿಯಲ್ಲೇ ನೀರಿರುವ ಊರುಗಳಿವೆ ಎಂದು ಯಾರು ಕಂಡಿದ್ದರು? ಹಿಟ್ಟು ಕಟ್ಟಿಕೊಂಡು ಬರುವಂತಿಲ್ಲ. ಸಜ್ಜೆ ಹಿಟ್ಟು ಹಾದಿಯಲ್ಲೇ ಕಹಿಯಾಗುತ್ತದೆ. ಮಗಳ ಮನೆಯ ಹಂಚಿನ ಮೇಲೆ ಬಿಸಿ ಮಾಡಿದರಾಯಿತು ಎಂದು ನಾನು ಅಂದೆ. ಅತ್ತೆಯವರು ನನ್ನನ್ನು ನೋಡಿದ ನೋಟಕ್ಕೆ ವಾಂತಿಯೇ ನಿಂತುಹೋಯಿತು. ತವರಿನ ಬುತ್ತಿಗೆ ಎರಡನೇ ಒಲೆ ತೋರಿಸಬಾರದು, ತೋರಿಸಿದರೆ ತವರು ತಣ್ಣಗಾಗುತ್ತದೆ. ಇದು ಅವರ ಅತ್ತೆ ಅವರಿಗೆ ಹೇಳಿದ ಶಾಸ್ತ್ರ. ನಾನು ಊರಿಗೆ ಬಂದ ಮೇಲೆ ಓಣಿಯ ಮನೆಮನೆಯಲ್ಲೂ ವಿಚಾರಿಸಿದೆ, ಈ ಶಾಸ್ತ್ರ ಒಬ್ಬರಿಗೂ ಗೊತ್ತಿಲ್ಲ.

ಬಿಸಿಲು ಆಗಬಹುದೇ ಎಂದು ಕೇಳಿದೆ. ಸ್ವಲ್ಪ ಯೋಚಿಸಿ, ಬಿಸಿಲಿಗೆ ಯಾರ ಮನೆಯೂ ಇಲ್ಲ, ಆಗಬಹುದು ಅಂದರು.

ಹೀಗೆ ನಾನು ಕಡಲ ದಂಡೆಯ ಊರುಗಳನ್ನು ನೋಡಿದ್ದು. ಹೋಗಿ ಬಂದವರು ಹೊನ್ನಾವರ ಅಂದರೆ ಶರಾವತಿಯ ಅಳಿವೆ ಅನ್ನುತ್ತಾರೆ, ಅಲ್ಲಿಯ ತೆಂಗು ಅನ್ನುತ್ತಾರೆ. ನನಗೆ ಹೊನ್ನಾವರ ಅಂದರೆ ಬಂದರಿನ ಹತ್ತಿರ ಇಳಿಸಿಟ್ಟಿದ್ದ ಹೆಂಚಿನ ರಾಶಿ. ಅದರ ಮೇಲೆ ಪಂಜೆ ಹಾಸಿ ರೊಟ್ಟಿ ಹರವಿದೆವು. ಅತ್ತೆ ಒಂದು ಕಡೆ, ನಾನು ಒಂದು ಕಡೆ ಕಾಗೆ ಕಾದೆವು. ಅಲ್ಲಿಯ ಕಾಗೆಗಳು ಮೀನು ತಿಂದು ಕೊಬ್ಬಿದವು, ಸಜ್ಜೆಯ ರುಚಿ ಅವಕ್ಕೇನು ಗೊತ್ತು ಎಂದುಕೊಂಡಿದ್ದೆ. ಅವು ಎರಡು ಎತ್ತಿಕೊಂಡು ಹೋದವು. ಸಂಜೆಯ ಹೊತ್ತಿಗೆ ರೊಟ್ಟಿ ಟಣ್ ಎಂದಿತು. ಅತ್ತೆಯವರು ಗೆದ್ದ ಪೈಲ್ವಾನರ ಹಾಗೆ ದೋಣಿ ಹತ್ತಿದರು. ಬೆಳಗಾಗುವುದರೊಳಗೆ ಮತ್ತೆ ಟಪ್.

ಭಟ್ಕಳದಲ್ಲಿ ದಂಡೆಯ ಮೇಲೆಲ್ಲ ಮೀನು ಒಣಗಲು ಹಾಕಿದ್ದರು. ಅತ್ತೆಯವರು ಮೂಗು ಮುಚ್ಚಿಕೊಂಡು ಊರೊಳಗೆ ನಡೆದರು, ಹಿಂದೆ ಬುಟ್ಟಿ ಹೊತ್ತು ನಾನು. ಒಂದು ದೊಡ್ಡ ಮಾಳಿಗೆಯ ಮನೆ. ಬಾಗಿಲ ಪರದೆಯ ಹಿಂದೆ ಒಬ್ಬ ಮುಸಲ್ಮಾನ ಅಜ್ಜಿ ನಿಂತಿದ್ದರು. ಬದುಕಿನಲ್ಲಿ ಮೊದಲ ಬಾರಿಗೆ ನನ್ನ ನಾಲ್ಕು ಇಯತ್ತೆಯ ಉರ್ದು ಕೆಲಸಕ್ಕೆ ಬಂತು. ಸಲಾಮು ಹೇಳಿ, ಪಾಠ ಒಪ್ಪಿಸುವ ದನಿಯಲ್ಲಿ, ನಮ್ಮ ರೊಟ್ಟಿಗೆ ಬಿಸಿಲು ಬೇಕಾಗಿದೆ ಎಂದೆ. ಅಜ್ಜಿ ಕಣ್ಣರಳಿಸಿದರು. ಯಾರಿಗಾಗಿ ಎಂದು ಕೇಳಿದರು. ಬಸುರಿ ಮಗಳಿಗೆ ಅಂದೆ. ಅಷ್ಟೇ, ಮುಂದೆ ಒಂದು ಮಾತು ಕೇಳಲಿಲ್ಲ, ನಮ್ಮನ್ನು ಮಾಳಿಗೆಗೆ ಹತ್ತಿಸಿ, ತಾವೇ ಕೈಯಲ್ಲಿ ಕೋಲು ಹಿಡಿದು ಕಾಗೆ ಓಡಿಸುತ್ತ ಕೂತರು. ಅತ್ತೆಯವರಿಗೆ ಉರ್ದು ಬಾರದು, ಆ ಅಜ್ಜಿಗೆ ಕನ್ನಡ ಅಷ್ಟಕ್ಕಷ್ಟೆ. ಆದರೂ ಇಬ್ಬರೂ ಮಧ್ಯಾಹ್ನವೆಲ್ಲ ತಮ್ಮ ತಮ್ಮ ಹೆಣ್ಣುಮಕ್ಕಳ ಹೆರಿಗೆಯ ಕಥೆ ಹೇಳಿಕೊಂಡರು. ನಾನು ನಡುವೆ ಅರ್ಥ ಹೇಳಲು ಬಾಯಿ ತೆಗೆದರೆ ಇಬ್ಬರೂ ಸುಮ್ಮನಿರು ಅನ್ನುತ್ತಿದ್ದರು. ಹೊರಡುವಾಗ ಅತ್ತೆಯವರು ಆ ಅಜ್ಜಿಯ ಕೈ ಹಿಡಿದುಕೊಂಡು ಬಹಳ ಹೊತ್ತು ನಿಂತರು.

ಅಂದೂ ಸಂಜೆ ಟಣ್, ಮಾರನೆಯ ಬೆಳಿಗ್ಗೆ ಟಪ್. ಇನ್ನು ಗಂಗೊಳ್ಳಿಯೊಂದೇ ಉಳಿದದ್ದು. ಅತ್ತೆಯವರು ಬುಟ್ಟಿಗೆ ಕೈ ಹಾಕುವುದನ್ನೇ ಬಿಟ್ಟು ನೀರು ನೋಡುತ್ತ ಕೂತರು. ಸುಕ್ರ ತಾಂಡೇಲ ಮೊದಲ ದಿನದಿಂದ ಇದನ್ನೆಲ್ಲ ಗಮನಿಸುತ್ತಿದ್ದ. ನನ್ನ ಕೌದಿ ರೊಟ್ಟಿಗಳನ್ನು ಮೀನಿನ ಸಾರಿನಲ್ಲಿ ಅದ್ದಿ ತಿಂದು ಒಳ್ಳೆಯದಾಗಿದೆ ಎಂದು ಹೇಳಿದ ಪುಣ್ಯಾತ್ಮ ಅವನೊಬ್ಬನೇ. ತನ್ನ ಒಲೆಯ ಕೆಂಡ ಕೊಡುತ್ತೇನೆಂದ. ಅತ್ತೆಯವರು ಕೈಮುಗಿದು ಬೇಡವೆಂದರು. ಅವನು ತಲೆ ತುರಿಸಿಕೊಂಡು ಆಕಾಶ ನೋಡಿದ. ಆಮೇಲೆ, ‘ಅಮ್ಮ, ಮೇಲೆ ಬಿಸಿಲೂ ಜಾಸ್ತಿ, ಗಾಳಿಯೂ ಜಾಸ್ತಿ. ಬುಟ್ಟಿ ಏರಿಸಿಬಿಡುವಾ?’ ಎಂದು ಕೇಳಿದ.

ನೋಡನೋಡುತ್ತ ನಮ್ಮ ರೊಟ್ಟಿಯ ಬುಟ್ಟಿ ಹಗ್ಗಕ್ಕೆ ಕಟ್ಟಿಸಿಕೊಂಡು ಹಾಯಿಕಂಬದ ತುದಿಗೆ ಏರಿತು. ಸರ್ಕಾರದ ಹಡಗಿಗೆ ಬಾವುಟ ಇರುತ್ತದಂತೆ, ನಮ್ಮದಕ್ಕೆ ಸಜ್ಜೆ ರೊಟ್ಟಿ. ಎದುರು ಬಂದ ದೋಣಿಗಳವರು ಕೂಗಿ ಕೂಗಿ ಇದೇನೆಂದು ಕೇಳಿದರು. ತಾಂಡೇಲ ಗಂಭೀರವಾಗಿ, ಬಾಣಂತನದ ಸಾಮಾನು ಎಂದು ಉತ್ತರ ಕೊಟ್ಟ. ಅತ್ತೆಯವರು ದಾರಿಯುದ್ದಕ್ಕೂ ಕತ್ತೆತ್ತಿ ಅದನ್ನೇ ನೋಡುತ್ತಿದ್ದರು. ಅಳಿವೆಯ ಒಳಗೆ ತಿರುಗಿ, ಹಾಯಿ ಇಳಿಸಿ, ಬುಟ್ಟಿಯನ್ನೂ ಇಳಿಸಿದರು. ಅತ್ತೆಯವರು ಒಂದು ರೊಟ್ಟಿ ತೆಗೆದು ಬಡಿದರು. ಟಪ್ ಕೂಡ ಅಲ್ಲ, ಥಪ್. ಮೇಲಿನ ಗಾಳಿಯ ನೀರನ್ನೆಲ್ಲ ಕುಡಿದು, ಮುಟ್ಟಿದರೆ ಹಸಿ ತೊಗಲಿನ ಹಾಗಿತ್ತು. ತಾಂಡೇಲ ಪೆಚ್ಚಾಗಿ ಹಗ್ಗ ಸುತ್ತುತ್ತ ಅತ್ತ ತಿರುಗಿದ.

ಮನೆ ಮುಟ್ಟಿ ನೀಲವ್ವನನ್ನು ನೋಡಿದೆ. ಹೊಟ್ಟೆಯೊಂದು ಬಿಟ್ಟರೆ ಉಳಿದದ್ದೆಲ್ಲ ಎಲುಬು. ಗೋಡೆಗೆ ಆನಿಕೊಂಡು ಎದ್ದು ಬಂದವಳು ಅವ್ವನನ್ನು ಅಪ್ಪಿಕೊಂಡಳು. ಆಮೇಲೆ ನೇರ ಬುಟ್ಟಿಯ ಹತ್ತಿರ ಹೋಗಿ ಕೂತಳು. ಅತ್ತೆಯವರು ಬುಟ್ಟಿಯ ಮೇಲೆ ಕೈಯಿಟ್ಟು ಬಿಚ್ಚಲು ಬಿಡಲೊಲ್ಲರು. ಕಡೆಗೆ ಅವಳೇ ಕೈ ಸರಿಸಿ ಒಂದು ರೊಟ್ಟಿ ತೆಗೆದು, ಎರಡೂ ಕೈಯಲ್ಲಿ ಹಿಡಿದು ಮುರಿಯಲು ಹೋದಳು. ಅದು ಸೀರೆಯ ಹಾಗೆ ಮಡಚಿಕೊಂಡಿತು.

ಅತ್ತೆಯವರು ಅಳುವುದನ್ನು ನಾನು ಮೊದಲ ಸಲ ಕಂಡದ್ದು ಅಂದೇ. ‘ಯವ್ವಾ, ಸಮುದ್ರ ತಿಂದುಬಿಡ್ತ ಇದನ್ನ. ನಾ ಏನ್ ಮಾಡ್ಲಿ,’ ಅಂದರು.

‘ತಿನ್ನಾಕ ಅಲ್ಲ ಬೇಡಿದ್ದು, ಯವ್ವಾ,’ ಅಂದಳು ನೀಲವ್ವ. ‘ಇಲ್ಲಿ ಊಟಕ್ಕ ಸಪ್ಪಳ ಇಲ್ಲ. ಗಂಜಿ ಉಣ್ತಾರ, ಕೈ ತೊಳ್ಕೊಂತಾರ. ನಮ್ಮ ಪಡಸಾಲ್ಯಾಗ ಸಂಜಿಮುಂದ ಎಲ್ಲಾರೂ ಕುಂತು ರೊಟ್ಟಿ ಮುರೀತಿದ್ರಲ್ಲ, ಆ ಸಪ್ಪಳ ಕೇಳಿದ್ರ ನನಗ ಹಸಿವು ಆಗತೈತಿ.’

ನಮ್ಮವರು ಬಾಗಿಲ ಕಡೆ ಮುಖ ಮಾಡಿದರು. ಅತ್ತೆಯವರು ಸೆರಗಿನಿಂದ ಕಣ್ಣೊರೆಸಿಕೊಂಡು ಮಗಳನ್ನು ನೋಡಿದರು, ಆ ಇಳಿದ ಕೆನ್ನೆ ನೋಡಿದರು. ಯಾವ ಪಾಪಿಯ ಕಣ್ಣು ತಾಗಿತೋ ಎನ್ನುತ್ತ ಎರಡೂ ಕೈಯಿಂದ ಅವಳ ಮುಖ ಸವರಿ, ಬೆರಳುಗಳನ್ನು ತಮ್ಮ ಹಣೆಯ ಬದಿಗೆ ಒತ್ತಿ ನೆಟಿಗೆ ಮುರಿದರು. ಹತ್ತೂ ಬೆರಳು ಲಟಲಟನೆ ಮುರಿದವು.

ನೀಲವ್ವ ತಲೆ ಎತ್ತಿದಳು. ಅವಳ ಮುಖದ ಮೇಲೆ ನಗುವೋ ಅಳುವೋ ಏನೋ ಒಂದು ಬಂತು.

‘ರೊಟ್ಟಿ ಮುರಿದಂಗ ಆತು,’ ಅಂದಳು. ‘ಇನ್ನೊಮ್ಮಿ ಮುರಿ, ಯವ್ವಾ.’

ಒಮ್ಮೆ ಮುರಿದ ಬೆರಳು ಕೂಡಲೇ ಸದ್ದು ಮಾಡುವುದಿಲ್ಲ, ನಿಮಗೂ ಗೊತ್ತು. ಸ್ವಲ್ಪ ಹೊತ್ತು ಕಾಯಬೇಕು. ಕಾಯುತ್ತ ಕೂತವಳು ಆ ಮೆತ್ತನೆಯ ರೊಟ್ಟಿಯನ್ನು ಹಿಂಡಿಗೆ ಹಚ್ಚಿ ಬಾಯಿಗಿಟ್ಟುಕೊಂಡಳು. ಅತ್ತೆಯವರು ಹೆಬ್ಬೆರಳು ಒತ್ತಿ ನೋಡಿದರು, ಲಟ್ ಎಂದಿತು. ಅವಳು ಇನ್ನೊಂದು ತುತ್ತು ತಿಂದಳು. ಒಂದು ರೊಟ್ಟಿ ಪೂರ್ತಿ ಮುಗಿಯಿತು. ಅಳಿಯಂದಿರು ಕಂಬ ಹಿಡಿದು ನಿಂತು ಎವೆಯಿಕ್ಕದೆ ನೋಡುತ್ತಿದ್ದರು. ಅಂದಿನಿಂದ ಹೆರಿಗೆಯವರೆಗೂ ಮಗಳು ಉಣ್ಣಲು ಕೂತಾಗಲೆಲ್ಲ ಅತ್ತೆಯವರು ಎದುರು ಕೂತು, ಒಂದೊಂದೇ ಬೆರಳನ್ನು ಲೆಕ್ಕವಾಗಿ ಖರ್ಚು ಮಾಡುತ್ತಿದ್ದರಂತೆ. ಉಡಿ ತುಂಬಿ ನಾನೂ ನಮ್ಮವರೂ ಹಿಂದಿರುಗಿದೆವು. ಗಂಡುಮಗು ಹುಟ್ಟಿತು. ಅದರ ಕಿವಿ ಒಂದು ದಿನವೂ ಸೋರಲಿಲ್ಲ.

ಮಗಳಿಗೆ ನೆಟಿಗೆ ಮುರಿದ ಆ ಮೊದಲ ದಿನ ನಾನು ಖಾಲಿ ತಟ್ಟೆ ಹಿಡಿದು ಗೋಡೆಗೆ ಒರಗಿ ನಿಂತಿದ್ದೆ. ಸಂತೋಷವಾಗಿತ್ತು, ಸುಳ್ಳು ಹೇಳಲಾರೆ, ಒಂದು ಚೂರು ಹೊಟ್ಟೆಕಿಚ್ಚೂ ಇತ್ತು.

ವರ್ಷಗಳು ಹೋದವು. ನನ್ನ ರೊಟ್ಟಿ ದುಂಡಗಾಯಿತು. ಅತ್ತೆಯವರ ಹಲ್ಲು ಬಿದ್ದವು, ಬೆರಳುಗಳು ವಾತಕ್ಕೆ ಸೊಟ್ಟಗಾದವು. ರೊಟ್ಟಿಯನ್ನು ಹಾಲಿನಲ್ಲಿ ನೆನೆಸಿ ಉಣ್ಣಿಸುತ್ತಿದ್ದೆ. ಆದರೆ ನೆನೆಸುವ ಮೊದಲು ಅವರ ಕಿವಿಯ ಹತ್ತಿರ ಬಡಿದು ತೋರಿಸಬೇಕು. ಟಣ್ ಎನ್ನದಿದ್ದರೆ ಬಾಯಿ ತೆರೆಯುತ್ತಿರಲಿಲ್ಲ. ನನ್ನ ಚಟ ಅಲ್ಲಿಂದ ಬಂದದ್ದು.

ಒಂದು ಮಧ್ಯಾಹ್ನ ಹೀಗೆಯೇ ರೊಟ್ಟಿ ಬಡಿದು ತೋರಿಸಿದೆ. ಅವರು ರೊಟ್ಟಿಯ ಕಡೆ ನೋಡಲಿಲ್ಲ, ನನ್ನನ್ನು ನೋಡಿದರು. ಹತ್ತಿರ ಬಾ ಎಂದು ಸನ್ನೆ ಮಾಡಿದರು. ಬಗ್ಗಿದೆ. ಎರಡೂ ಕೈಯಿಂದ ನನ್ನ ಕೆನ್ನೆಗಳನ್ನು ಮೆಲ್ಲಗೆ ಸವರಿ, ಆ ಸೊಟ್ಟ ಬೆರಳುಗಳನ್ನು ತಮ್ಮ ಹಣೆಯ ಬದಿಗೆ ಒತ್ತಿದರು. ಸದ್ದಾಗಲಿಲ್ಲ. ಮತ್ತೆ ಒತ್ತಿದರು. ಬೆರಳು ಬಾಗಲೇ ಇಲ್ಲ. ಅವರ ಕಣ್ಣು ತುಂಬಿದವು.

ನನ್ನ ಕೈಯಲ್ಲಿ ರೊಟ್ಟಿ ಇತ್ತು. ಅವರ ಕಿವಿಯ ಹತ್ತಿರ ಹಿಡಿದು ಫಟ್ ಎಂದು ಮುರಿದೆ.

‘ಹಾಂ,’ ಅಂದರು ಅತ್ತೆಯವರು. ‘ಈಗ ಆತು ನೋಡವಾ.’